ಯಾವ ವಾರ್ಡಿಗೂ ಸೇರದ ದಂಡೆ

ನವೆಂಬರ್ 20, ಬುಧವಾರ. ಕೊಚ್ಚಿ

ನಗರಪಾಲಿಕೆ ಕೊಟ್ಟ ಮಾತು: ತೋಡಿನ ದಂಡೆಯ ಇಪ್ಪತ್ತೇಳು ಮನೆಗೂ ಮನೆ ನಂಬರು. ಎರಡು ನಲ್ಲಿ. ಕಾಲುಸೇತುವೆಗೆ ಕಂಬಿ. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯುವುದು. ತೋಡು ಅಗಲ ಮಾಡುವಾಗ ಒಬ್ಬರನ್ನೂ ಬೀದಿಗೆ ಹಾಕದೆ ಬದಲಿ ಫ್ಲ್ಯಾಟು.

ಕೊಡದೇ ಹೋದದ್ದು: ನಂಬರು ಹದಿನಾಲ್ಕು ಮನೆಗೆ ಬಂತು, ಹದಿಮೂರಕ್ಕೆ ಇಲ್ಲ. ನಲ್ಲಿ ಒಂದೇ, ಅದೂ ವಾರಕ್ಕೆ ಮೂರು ದಿನ. ಕಂಬಿ ಇಲ್ಲ. ಹೂಳು ತೆಗೆದರು, ತೆಗೆದು ಮನೆಗಳ ಬಾಗಿಲಿಗೇ ಸುರಿದರು. ಫ್ಲ್ಯಾಟಿನ ಪಟ್ಟಿ ಇನ್ನೂ ಬರೆದೇ ಇಲ್ಲ.

ಮೊದಲು ಕೊಟ್ಟ ಮಾತು ಬರೆ, ಆಮೇಲೆ ಕೊಡದ್ದು ಬರೆ, ಉಳಿದದ್ದೆಲ್ಲ ಭಾಷಣ. ಮಾಲೂರಿನ ಗೋಡೆಗಳ ಮೇಲೆ ಸುಣ್ಣ ಬಳಿದು ಬರೆಯುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿ ಸಂಘಟನೆ ನನಗೆ ಕಲಿಸಿದ್ದು ಇಷ್ಟೇ. ಆಗ ಹತ್ತೊಂಬತ್ತು ವರ್ಷ. ಪೊಲೀಸ್ ಜೀಪು ಕಂಡರೆ ನಗು ಬರುತ್ತಿತ್ತು. ಈಗ ನಲವತ್ತೊಂದು. ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಲ್ಯಾಬ್ ಸಹಾಯಕಿ. ಬಾಗಿಲು ಬಡಿದರೆ ಮೊದಲು ಕಿಟಕಿಯಿಂದ ಇಣುಕುತ್ತೇನೆ.

ಇಲ್ಲಿಯವರು ತೋಡು ಎನ್ನುವುದು ನಮ್ಮ ಕಡೆಯ ಹಳ್ಳವನ್ನು. ನಮಗೆ ತೋಡು ಎಂದರೆ ಅಗೆ. ಈ ತೋಡಿನ ದಂಡೆಯಲ್ಲಿ ಇರುವವರೂ ಅಗೆಯುವವರೇ. ಕೊಪ್ಪಳದ ಕಡೆಯಿಂದ ಇಪ್ಪತ್ತಾರು ವರ್ಷದ ಹಿಂದೆ ಕೇಬಲ್ ಗುಂಡಿ ತೆಗೆಯಲು ಬಂದು ಉಳಿದರು. ಎಡಪ್ಪಳ್ಳಿಯ ಅಷ್ಟು ದೊಡ್ಡ ಮಾಲ್‌ಗೆ ಹೋಗುವ ತಂತಿಗಳ ಗುಂಡಿಯನ್ನೂ ಇವರೇ ತೆಗೆದದ್ದು. ನನ್ನ ಬಾಡಿಗೆ ಮನೆ ಈಚೆ ದಂಡೆಯಲ್ಲಿ. ಸೇತುವೆ ದಾಟಿದರೆ ಅವರ ಓಣಿ. ಎರಡು ವರ್ಷದ ಹಿಂದೆ ವರ್ಗವಾಗಿ ಬಂದಾಗ ಬಸ್‌ಸ್ಟಾಪಿನಲ್ಲಿ ಕನ್ನಡ ಕೇಳಿ ತಿರುಗಿ ನೋಡಿದ್ದೆ. ಅಷ್ಟೇ, ಸಿಕ್ಕಿಬಿದ್ದೆ.

ವಾರ್ಡುಗಳ ಗಡಿ ಹೊಸದಾಗಿ ಬರೆಯುತ್ತಿದ್ದಾರೆ. ಕರಡು ಹೊರಬಿದ್ದಿದೆ. ಫ್ಲ್ಯಾಟಿನ ಪಟ್ಟಿಗೆ ಹೆಸರು ಹತ್ತಬೇಕಾದರೆ ವಾರ್ಡಿನ ಕೌನ್ಸಿಲರ್ ಪತ್ರ ಬೇಕು. ವಾರ್ಡಿನಲ್ಲಿದ್ದರೆ ಪತ್ರ, ಪತ್ರವಿದ್ದರೆ ಪಟ್ಟಿ, ಪಟ್ಟಿಯಲ್ಲಿದ್ದರೆ ಮನೆ. ಇಲ್ಲದಿದ್ದರೆ ಜೆಸಿಬಿ. ತಕರಾರನ್ನು ತಿರುವನಂತಪುರದ ಆಯೋಗದ ಕಚೇರಿಗೆ ಕೊಡಲು ಡಿಸೆಂಬರ್ ಆರು, ಸಂಜೆ ಐದು, ಕೊನೆ.

ಮಲಯಾಳದ ಕರಡನ್ನು ಓದಿ ಹೇಳಿ ಎಂದು ಓಣಿಯವರು ನನ್ನನ್ನು ಕೇಳಿದ್ದಾರೆ. ಓದುತ್ತೇನೆ. ಎಲ್ಲೂ ನನ್ನ ಹೆಸರು ಬರಕೂಡದು ಎಂದಿದ್ದೇನೆ.

ನವೆಂಬರ್ 24, ಭಾನುವಾರ

ಓದಿದೆ. ವಲಯ ಕಚೇರಿಯ ಬೋರ್ಡಿನ ಮೇಲಿದ್ದ ಹಾಳೆಗಳನ್ನು ಫೋನಿನಲ್ಲಿ ಹಿಡಿದು ತಂದು ಎರಡು ಸಂಜೆ ಕೂತು ಅಕ್ಷರ ಅಕ್ಷರ ಬಿಡಿಸಿದೆ. ಮಗಳು ಮೇಧಾಳ ಪಠ್ಯಪುಸ್ತಕ ನೋಡಿ ಕಲಿತ ಮಲಯಾಳ ಇಷ್ಟಕ್ಕಾದರೂ ಬಂತು. ಅವಳು ಏಳನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ. "ಓದಲಾ ನಾನು?" ಅಂದಳು, ಅದೂ ಮಲಯಾಳದಲ್ಲೇ. ಬೇಡ, ಹೋಂವರ್ಕ್ ಮಾಡು ಅಂದೆ.

ಅಂಜಿಕೆ ಇದ್ದದ್ದು ಒಂದು ಸಾಲಿನ ಬಗ್ಗೆ. ತೋಡಿನ ಕೆಳದಂಡೆಯನ್ನು ಹೊರಗಿಟ್ಟು ಎಂದಿದೆ. ಕೆಳದಂಡೆ ಎಂದರೆ ನೀರು ಇಳಿದು ಹೋಗುವ ಕಡೆಯ ಜೊಂಡಿನ ಜೌಗು. ಅಲ್ಲಿ ಕೊಕ್ಕರೆ ಬಿಟ್ಟರೆ ಯಾರೂ ಇಲ್ಲ.

ಬೆಳಿಗ್ಗೆ ಕಮಲವ್ವನ ಮನೆ ಮುಂದೆ ಎಲ್ಲರೂ ಕೂತರು. ನಾನು ನಿಂತು ಹೇಳಿದೆ. "ಗಾಬರಿ ಬೇಡ. ಕೆಳದಂಡೆ ಮಾತ್ರ ಬಿಟ್ಟಿದ್ದಾರೆ. ಓಣಿ ವಾರ್ಡಿನೊಳಗೇ ಇದೆ."

"ಖರೇನ ಏನ್ರಿ ಅಕ್ಕಾರ?" ಅಂದಳು ಕಮಲವ್ವ. ಐವತ್ತೈದರ ಹೆಂಗಸು. ಈಗಲೂ ದಿನಕ್ಕೆ ಹತ್ತು ಮೊಳ ಗುಂಡಿ ತೆಗೆಯುತ್ತಾಳೆ.

"ನಾನೇ ಓದಿದ್ದೀನಲ್ಲ."

ಮೇಸ್ತ್ರಿ ವೀರಭದ್ರ ಚಪ್ಪಾಳೆ ಹೊಡೆದ. "ಕಲಿತೋರು ಒಬ್ರು ಇದ್ರ ಎಷ್ಟ್ ಛಲೋ ನೋಡ್ರಿ! ನಾವಾಗಿದ್ರ ವಕೀಲನ ಬಾಗಿಲಾಗ ನಿಂದ್ರತಿದ್ವಿ."

ಬರುವಾಗ ಒಬ್ಬಳು ಬೆಲ್ಲದ ಚಹಾ ಕೊಟ್ಟಳು. ಕುಡಿಯುತ್ತ ಸುತ್ತ ನೋಡಿದೆ, ಯಾರಾದರೂ ಫೋಟೋ ತೆಗೆಯುತ್ತಿದ್ದಾರೆಯೇ ಎಂದು. ತೆಗೆಯುತ್ತಿದ್ದರು. ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿಕೊಂಡು ಬಿಳಿ ಶರ್ಟಿನವನೊಬ್ಬ.

ನವೆಂಬರ್ 27, ಬುಧವಾರ

ಬಿಳಿ ಶರ್ಟಿನವನು ಇವತ್ತು ನಮ್ಮ ಗೇಟಿನ ಹತ್ತಿರ ಇದ್ದ. ಮಗಳನ್ನು ಶಾಲೆ ಬಸ್ಸಿಗೆ ಹತ್ತಿಸಿ ತಿರುಗಿದೆ. ನಕ್ಕ. ಬಹಳ ಮರ್ಯಾದೆಯಿಂದ, "ಚೇಚ್ಚಿ, ನಿಂಙಳ್ ಇವಿಡತ್ತೆ ಆಳಲ್ಲಲ್ಲೋ?" ಅಂದ. ಅಕ್ಕಾ, ನೀವು ಇಲ್ಲಿಯವರಲ್ಲ ಅಲ್ಲವೇ ಎಂದು.

ಅಲ್ಲ ಅಂದೆ.

ಸಂಸ್ಥೆಯ ಹೆಸರು ಹೇಳಿದ. ನನ್ನ ವಿಭಾಗ ಹೇಳಿದ. ಮಗಳು ಯಾವ ಬಸ್ಸಿಗೆ ಹೋಗುತ್ತಾಳೆಂದು ಅವನು ಹೇಳಲಿಲ್ಲ. ಆ ಬಸ್ಸು ಹೋದ ದಾರಿಯನ್ನೇ ನೋಡಿದ. ಸಾಕು ಎಂದುಕೊಂಡು ಹೋದ.

ತೋಡಿನ ಅಗಲೀಕರಣದ ಮಣ್ಣು ಹೊರುವ ಗುತ್ತಿಗೆ ಯಾರಿಗೆ ಸಿಗುತ್ತದೋ ಅವನ ಕಡೆಯವನಂತೆ. ವೀರಭದ್ರ ಹೇಳಿದ.

ಮಧ್ಯಾಹ್ನ ಊಟದ ಡಬ್ಬಿ ತೆರೆದೆ, ಮುಚ್ಚಿದೆ.

ನವೆಂಬರ್ 28

ಏನೂ ಆಗಲಿಲ್ಲ. ಬಾಗಿಲ ಚಿಲಕ ನಾಲ್ಕು ಸಲ ನೋಡಿದೆ.

ಡಿಸೆಂಬರ್ 6, ಶುಕ್ರವಾರ. ತಿರುವನಂತಪುರಂ

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓದಲು ಬಂದರೆ ನನ್ನ ಪುಣ್ಯ.

ನನ್ನ ಗಂಡ ಪ್ರಮೋದ್ ಬಾಹ್ಯಾಕಾಶ ಸಂಸ್ಥೆಯಲ್ಲಿ ತಂತ್ರಜ್ಞ. ಉಳ್ಳೂರಿನ ಆಸ್ಪತ್ರೆ ರಸ್ತೆಯ ಹಿಂದೆ ಒಂದು ರೂಮು. ತಿಂಗಳಿಗೊಮ್ಮೆ ಅವನು ಬರುತ್ತಾನೆ ಅಥವಾ ನಾವು ಹೋಗುತ್ತೇವೆ. ಈ ಸಲ ರಜೆ ಹಾಕಿ ಬೆಳಗಿನ ಗಾಡಿಗೆ ಮೇಧಾಳನ್ನು ಕರೆದುಕೊಂಡು ಬಂದೆ. ಬಂದದ್ದು ಗಂಡನನ್ನು ನೋಡಲು ಎಂದು ಬರೆಯಬಹುದು. ಸ್ಕೂಟರಿನವನಿಂದ ಎರಡು ದಿನ ದೂರವಿರಲು ಎಂದು ಬರೆದರೆ ನಿಜ.

ಒಂದೂವರೆ ಗಂಟೆಗೆ ಊಟ ತರಲು ಒಬ್ಬಳೇ ಹೊರಟೆ. ಸ್ಟಾಪಿನಲ್ಲಿ ಒಂದು ಬಸ್ಸು ಬಂದು ನಿಂತಿತು. ಹಣೆಯ ಮೇಲೆ ಮಲಯಾಳದಲ್ಲಿ ಕಿಳಕ್ಕೇಕೋಟ್ಟ. ಅದರ ಕೆಳಗೆ ಇಂಗ್ಲಿಷಿನಲ್ಲಿ ಈಸ್ಟ್ ಫೋರ್ಟ್. ಈ ಬಸ್ಸನ್ನು ನೂರು ಸಲ ನೋಡಿದ್ದೇನೆ. ಇಂಗ್ಲಿಷ್ ಸಾಲು ಓದಿಕೊಂಡು ಮೇಲಿನ ಸಾಲು ಬಿಟ್ಟಿದ್ದೆ. ಇವತ್ತು ಯಾಕೋ ಮೇಲಿನದನ್ನು ಓದಿದೆ.

ಕಿಳಕ್ಕೇ. ಕೆಳಕ್ಕೆ ಅಲ್ಲ. ಮೂಡಣ.

ಕರಡಿನಲ್ಲಿದ್ದ ಸಾಲು, "ತೋಡಿಂಡೆ ಕಿಳಕ್ಕೇ ಕರ ಒಳಿವಾಕ್ಕಿ." ತೋಡಿನ ಮೂಡಣ ದಂಡೆಯನ್ನು ಹೊರಗಿಟ್ಟು. ಮೂಡಣ ದಂಡೆಯಲ್ಲಿ ಕೊಕ್ಕರೆ ಇಲ್ಲ. ಇಪ್ಪತ್ತೇಳು ಮನೆ ಇವೆ. ಆಚೆಯ ಪುರಸಭೆಯ ವಾರ್ಡು ರಸ್ತೆಯಿಂದ ಆಚೆಗೆ ಶುರುವಾಗುತ್ತದೆ, ಅದು ನನಗೆ ಗೊತ್ತಿತ್ತು. ತೋಡಿಗೂ ರಸ್ತೆಗೂ ನಡುವೆ ಸಿಕ್ಕಿದವರು ಯಾವ ವಾರ್ಡಿನಲ್ಲೂ ಇಲ್ಲ. ನಕ್ಷೆ ಬರೆದವನು ಗೀಟು ಎಳೆದು ಚಹಾಕ್ಕೆ ಹೋಗಿರಬೇಕು. ಆ ಗೀಟನ್ನು ಸಿಹಿಸುದ್ದಿ ಮಾಡಿ ಹಂಚಿದವಳು ನಾನು.

ಮಲಯಾಳದ ಸಾಲನ್ನು ನಾನು ಅವರ ಮುಂದೆ ಓದಲೇ ಇಲ್ಲ. ನನ್ನ ಕನ್ನಡವನ್ನಷ್ಟೇ ಓದಿದೆ. ಅವರಿಗೆ ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ಇಪ್ಪತ್ತಾರು ವರ್ಷ ಇಲ್ಲಿ ದುಡಿದವರಿಗೆ ಕಿಳಕ್ಕ್ ಗೊತ್ತಿಲ್ಲವೇ? ಇಲ್ಲೇ ಹುಟ್ಟಿ ಮಲಯಾಳ ಓದುವ ಮಕ್ಕಳು ಓಣಿಯಲ್ಲಿ ಒಂಬತ್ತು ಜನ. ನನ್ನ ಮನೆಯಲ್ಲೇ ಒಬ್ಬಳು. ನಾನು ಯಾರನ್ನೂ ಕೇಳಲಿಲ್ಲ.

ಎರಡು ಗಂಟೆ. ಐದಕ್ಕೆ ಕೊನೆ. ಸ್ಟಾಪಿನಲ್ಲೇ ನಿಂತು ಕಮಲವ್ವನಿಗೆ ಫೋನ್ ಮಾಡಿದೆ.

"ಹೇಳ್ರಿ ಅಕ್ಕಾರ. ಗುಂಡ್ಯಾಗ ಅದೀನಿ, ಜೋರಾಗಿ ಹೇಳ್ರಿ."

ಜೋರಾಗಿ ಹೇಳಲು ಆಗಲಿಲ್ಲ. ಹೇಳಿದೆ. ಆ ಕಡೆ ಗುದ್ದಲಿಯ ಸದ್ದು ನಿಂತಿತು.

"ಮೂಡಣ ದಂಡಿ ಅಂದ್ರ ನಾವ ಅಲ್ಲೇನ್ರಿ?"

"ಹೌದು."

"ನೀವ ಅಲ್ರೀ ಹೇಳಿದ್ದು, ಗಾಬರಿ ಬ್ಯಾಡ ಅಂತ?"

"ನಾನೇ."

ಅವಳು ಗುಂಡಿಯಿಂದ ಮೇಲೆ ಹತ್ತಿದ್ದು ಕೇಳಿಸಿತು. ಆಮೇಲೆ, "ಈಗ ಏನ್ ಮಾಡ್ತೀರಿ?"

ಏನು ಮಾಡುತ್ತೀರಿ ಎಂದಳು. ಏನು ಮಾಡೋಣ ಎನ್ನಲಿಲ್ಲ.

ಪ್ರಮೋದ್ ಕೆಲಸದಲ್ಲಿದ್ದ. ಫೋನಿನಲ್ಲಿ ಕೂಗಾಡಿದ. "ನೀನು ಸೈನ್ ಹಾಕ್ಬೇಡ ಕಣೆ! ಓಣಿಯೋರು ಹಾಕ್ಲಿ."

"ಓಣಿಯೋರು ಕೊಚ್ಚೀಲಿದಾರೆ. ಆಯೋಗದ ಕಚೇರಿ ಇಲ್ಲಿದೆ, ಐದಕ್ಕೆ ಮುಚ್ಚುತ್ತೆ."

"ಕೆಲಸ ಹೋದ್ರೆ?"

ಫೋನ್ ಇಟ್ಟೆ. ರೂಮಿಗೆ ಓಡಿದೆ. ಮೇಧಾಳ ನೋಟ್‌ಬುಕ್ಕಿನಿಂದ ಹಾಳೆ ಕಿತ್ತೆ. ನಾನು ಕನ್ನಡದಲ್ಲಿ ಹೇಳಿದೆ, ಅವಳು ಮಲಯಾಳದಲ್ಲಿ ಬರೆದಳು. ಒಂದೊಂದು ಸಾಲು ಬರೆದ ಮೇಲೂ ಗಟ್ಟಿಯಾಗಿ ಓದಿಸಿದೆ. ನಡುವೆ ತಲೆ ಎತ್ತಿ "ಅಮ್ಮೇ, ಕರಯಲ್ಲೇ" ಅಂದಳು. ಅಮ್ಮಾ ಅಳಬೇಡ ಎಂದು. ನಾನು ಅಳುತ್ತಿರುವುದು ಆಗ ಗೊತ್ತಾಯಿತು.

ಆಟೋದಲ್ಲಿ ಆಯೋಗದ ಕಚೇರಿಗೆ ಹೋಗಿ ನಾಲ್ಕು ನಲವತ್ತಕ್ಕೆ ಕೊಟ್ಟೆ. ಗುಮಾಸ್ತೆ ತಿರುಗಿಸಿ ನೋಡಿದಳು. ಅರ್ಜಿದಾರರ ಹೆಸರು? ಹಂಸಾ ಎಂದೆ. ಒಬ್ಬರೇ? ಒಬ್ಬಳೇ. ಮೊಹರು ಬಿತ್ತು. ಆ ಸದ್ದಿಗೆ ಬೆಚ್ಚಿಬಿದ್ದೆ.

ಡಿಸೆಂಬರ್ 8, ಭಾನುವಾರ. ಕೊಚ್ಚಿ

ಸೇತುವೆ ಮೂವತ್ತು ಹೆಜ್ಜೆ. ಕಂಬಿ ಇಲ್ಲ. ಎಂದೂ ಭಯವಾಗಿರಲಿಲ್ಲ, ಇವತ್ತು ಮೇಧಾಳ ಕೈ ಹಿಡಿದುಕೊಂಡು ದಾಟಿದೆ. ಯಾರು ಯಾರನ್ನು ಹಿಡಿದಿದ್ದೆವೋ.

ವೀರಭದ್ರ ಬೆನ್ನು ತಿರುಗಿಸಿ ಕೂತ. ಮಾತಾಡಿದವಳು ಅವನ ಹೆಂಡತಿ ಕುಸುಮಾವತಿ. "ಬರ್ರಿ ಬರ್ರಿ, ಕೆಳದಂಡಿ ಅಕ್ಕಾರು ಬಂದ್ರು! ಕೊಕ್ಕರಿಗಳಿಗೆ ಭಾಷಣ ಮಾಡ್ತಾರ, ಜಾಗ ಬಿಡ್ರಿ." ಹೆಂಗಸರು ನಕ್ಕರು. ಅದು ನಗುವೇ ಆಗಿರಲಿಲ್ಲ.

ನಿಂತು ಹೇಳಿದೆ: ತಪ್ಪು ನನ್ನದು.

"ತಪ್ಪಂತ ತಪ್ಪು," ಅಂದಳು ಕಮಲವ್ವ. "ದಿಕ್ಕು ನೋಡ್ದ ಗುದ್ದಲಿ ಹಾಕಿದ್ರ ಕರೆಂಟ್ ಹೊಡೀತೈತ್ರಿ ಅಕ್ಕಾರ. ನಾವು ಗುಂಡಿ ಶುರು ಮಾಡೂದಕ್ಕಿಂತ ಮೊದ್ಲ ಮೂರು ಮಂದೀನ ಕೇಳ್ತೇವಿ, ಕೇಬಲ್ ಎತ್ತಾಗ ಐತಿ ಅಂತ. ಇಂಜಿನಿಯರ್ ಹೇಳಿದ್ರೂ ಕೇಳ್ತೇವಿ. ನೀವು ಒಬ್ರನ್ನಾರ ಕೇಳಿದ್ರೇನು?"

"ಇಲ್ಲ."

"ಕೂಡ್ರಿ ಮತ್ತ. ನಿಂತು ಮಾತಾಡಿದ್ದು ಸಾಕು."

ಕೂತೆ. ಮೇಧಾ ಕರಡನ್ನು ಮೊದಲಿಂದ ಓದಿದಳು, ಮಲಯಾಳದಲ್ಲೇ. ಒಂದೊಂದು ಗಡಿಗೂ ಯಾರಾದರೂ ಒಬ್ಬರು "ಅದು ಇಂಥಾ ಕಂಬ", "ಅದು ಇಂಥಾ ಮೋರಿ" ಎನ್ನುತ್ತಿದ್ದರು. ಈ ಊರಿನ ನೆಲದೊಳಗೆ ಏನೇನಿದೆ ಎಂದು ಇವರಿಗೆ ಗೊತ್ತಿರುವಷ್ಟು ನಕ್ಷೆಯವರಿಗೆ ಗೊತ್ತಿಲ್ಲ. ಕಿಳಕ್ಕೇ ಕರ ಬಂದಾಗ ಕುಸುಮಾವತಿ ಮಗುವನ್ನು ಸೊಂಟದಿಂದ ಇಳಿಸಿ ಮತ್ತೆ ಎತ್ತಿಕೊಂಡಳು.

"ಹಂಗಾರ ನಾವು ಎಲ್ಲಿ ಅದೀವಿ?" ಅಂದ ವೀರಭದ್ರ. ಇವತ್ತಿಡೀ ಅವನು ಆಡಿದ್ದು ಅದೊಂದೇ.

ಎಲ್ಲರ ಮುಖದಲ್ಲೂ ಕಂಡದ್ದು ನನ್ನದೇ ಹೆದರಿಕೆ. ನಾನು ಒಬ್ಬಳೇ ಹೆದರುತ್ತಿದ್ದೇನೆ ಎಂದುಕೊಂಡಿದ್ದೆ.

ಡಿಸೆಂಬರ್ 12, ಗುರುವಾರ

ಮೆಮೊ ಬಂತು. ಸಂಸ್ಥೆಯ ಆಡಳಿತ ವಿಭಾಗದ ರಾಜಲಕ್ಷ್ಮಿ ಮೇಡಂ ಕರೆದು ಕೈಗೆ ಕೊಟ್ಟರು. ಅವರೂ ಕನ್ನಡದವರು, ಮೈಸೂರಿನ ಕಡೆ. ಬಾಗಿಲು ಹಾಕಿಕೊಂಡು, "ಏನಮ್ಮಾ ಇದೆಲ್ಲ? ಯಾರೋ ಫೋಟೋ ಕಳಿಸಿದ್ದಾರೆ, ಅರ್ಜಿಯ ನಕಲೂ ಕಳಿಸಿದ್ದಾರೆ. ನಮಗ್ಯಾಕೆ ಇಲ್ಲಿಯ ಪಾಲಿಟಿಕ್ಸು? ಮೂರು ವರ್ಷ ಕಳೆದರೆ ವಾಪಸ್ ಹೋಗ್ತೀವಿ" ಅಂದರು.

"ಮೇಡಂ, ಅದು ಪಾಲಿಟಿಕ್ಸ್ ಅಲ್ಲ. ನಾನು ತಪ್ಪು ಓದಿದ್ದೆ."

"ಹಾಗಂತ ಬರೆದುಕೊಡು. ತಪ್ಪಾಗಿ ಸಹಿ ಹಾಕಿದೆ, ಅರ್ಜಿ ವಾಪಸ್ ತಗೋತೀನಿ ಅಂತ. ಮುಗೀತು."

ಪೆನ್ನು ಮುಂದಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟರು. ಎತ್ತಿಕೊಳ್ಳಬೇಕು ಅನ್ನಿಸಿತು. ಇದನ್ನು ಇಲ್ಲಿ ಬರೆದಿಡುತ್ತೇನೆ: ಎತ್ತಿಕೊಳ್ಳಬೇಕು ಅನ್ನಿಸಿತು. ಯೋಚಿಸಿ ಹೇಳುತ್ತೇನೆ ಎಂದು ಎದ್ದೆ. ಮೆಮೊ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಡಿಸೆಂಬರ್ 13

ಬಿಳಿ ಶರ್ಟಿನವನ ಸ್ಕೂಟರ್ ಗೇಟಿನಲ್ಲಿತ್ತು. ಮೇಧಾಳನ್ನು ಕುಸುಮಾವತಿ ಬಸ್ಸಿಗೆ ಹತ್ತಿಸಿದಳು, ನಾಲ್ಕು ಜನ ಹೆಂಗಸರು, ನಾಲ್ಕು ಗುದ್ದಲಿ, ಕೆಲಸಕ್ಕೆ ಹೋಗುವ ದಾರಿಯಲ್ಲಿ. ನಾನು ಹೇಳಿರಲಿಲ್ಲ.

ಡಿಸೆಂಬರ್ 19, ಗುರುವಾರ

ಎರ್ನಾಕುಲಂನಲ್ಲಿ ವಿಚಾರಣೆ. ಅರ್ಧ ದಿನ ರಜೆ. ನೂರಾರು ಜನ, ಪಕ್ಷದ ಬಿಳಿ ಪಂಚೆಗಳು, ಒಬ್ಬೊಬ್ಬರಿಗೆ ಎರಡೆರಡು ನಿಮಿಷ. ಕರೆದರು. ಮೇಜಿನ ಮುಂದೆ ಹೋಗಿ ನಿಂತೆ.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. ಮಲಯಾಳದಲ್ಲಿ ಕೇಳಿದರು, ನೀವು ಈ ಓಣಿಯ ನಿವಾಸಿಯೇ? ಅಲ್ಲ. ಮತ್ತೆ ನಿಮಗೇನು ಸಂಬಂಧ?

ಎರಡು ದಿನ ಕೂತು ಭಾಷಣ ಬರೆದುಕೊಂಡಿದ್ದೆ. ಸಂವಿಧಾನವಿತ್ತು ಅದರಲ್ಲಿ. ಒಂದೂ ಬಾಯಿಗೆ ಬರಲಿಲ್ಲ. "ಞಾನ್ ತೆಟ್ಟಾಯಿ ವಾಯಿಚ್ಚು" ಅಂದೆ. ನಾನು ತಪ್ಪಾಗಿ ಓದಿದೆ. ಪಕ್ಕದವರು ನಕ್ಕರು. ಅಧಿಕಾರಿ ಕಡತ ಮುಚ್ಚಲು ಕೈ ಹಾಕಿದರು.

ಕಮಲವ್ವ ನನ್ನ ಬೆನ್ನ ಹಿಂದಿನಿಂದ ಬಂದಳು. ಕೆಲಸದ ಅಂಗಿಯಲ್ಲೇ, ಸೀರೆಯ ಮೇಲೆ ಗಂಡಸರ ಶರ್ಟು, ಮೊಣಕೈವರೆಗೆ ಮಣ್ಣು. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಗಂಟು ಇಟ್ಟಳು.

"ಸಾರೇ, ಇದು ನೋಕ್ಕಿಯೇ." ನೋಡಿ ಎಂದು.

ಗಂಟಿನಲ್ಲಿ ಚೀಟಿಗಳು. ರಸ್ತೆ ಅಗೆಯಲು ಕಚೇರಿ ಕೊಡುವ ಅನುಮತಿ ಚೀಟಿ. ಚೀಟಿ ಇಲ್ಲದೆ ಗುದ್ದಲಿ ಹಾಕಿದರೆ ಪೊಲೀಸರು ಒಯ್ಯುತ್ತಾರೆ, ಅದಕ್ಕೇ ಒಂದನ್ನೂ ಎಸೆಯುವುದಿಲ್ಲ. ಅಕ್ಷರ ಬಾರದ ಹೆಂಗಸು ಇಪ್ಪತ್ತಾರು ವರ್ಷದ ಚೀಟಿಗಳನ್ನು ಇಟ್ಟುಕೊಂಡಿದ್ದಳು. ಓಣಿಯೊಳಗೆ ನೀರಿನ ಪೈಪಿಗೆ, ಫೋನಿನ ತಂತಿಗೆ, ಬೀದಿದೀಪದ ಕೇಬಲ್ಲಿಗೆ ಅಗೆದಾಗಿನವು ಹನ್ನೊಂದು. ಹನ್ನೊಂದರ ಮೇಲೂ ನಗರಪಾಲಿಕೆಯ ಮೊಹರು. ಪುರಸಭೆಯದು ಒಂದೂ ಇಲ್ಲ.

ಅರ್ಧ ಮಲಯಾಳ ಅರ್ಧ ಕೊಪ್ಪಳದಲ್ಲಿ ಅವಳು ಕೇಳಿದಳು, "ಅಗೀಲಿಕ್ಕೆ ಈ ನೆಲ ನಿಮ್ದು. ಇರಲಿಕ್ಕೆ ಯಾಕ ಅಲ್ಲ ಸಾರೇ?"

ಯಾರೂ ನಗಲಿಲ್ಲ. ಅಧಿಕಾರಿ ಚೀಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಆಮೇಲೆ ಹೇಳಿ ಬರೆಸಿದರು: ಎರಡೂ ಸ್ಥಳೀಯ ಸಂಸ್ಥೆಗಳ ಜಂಟಿ ಸ್ಥಳ ತನಿಖೆ, ಜನವರಿ ಏಳು, ಹತ್ತೂವರೆ. ಅರ್ಜಿದಾರರು ಖುದ್ದಾಗಿ ಹಾಜರಿರಬೇಕು, ಇಲ್ಲದಿದ್ದರೆ ಅರ್ಜಿ ವಜಾ.

ಅರ್ಜಿದಾರರು ಎಂದರೆ ನಾನು. ಒಬ್ಬಳೇ.

ಹೊರಗೆ ಬಂದ ಮೇಲೆ ಕಮಲವ್ವ ನನ್ನ ನೀರಿನ ಬಾಟಲಿ ಕಿತ್ತುಕೊಂಡು ಕುಡಿದಳು. ನೀರು ಗಲ್ಲದ ಮೇಲೆ ಇಳಿಯಿತು. "ನನಗ ಉಚ್ಚಿ ಬಂದಿತ್ತು ನೋಡ್ರಿ ಒಳಗ," ಅಂದಳು. ಮೆಟ್ಟಿಲ ಮೇಲೆ ಕೂತು ಇಬ್ಬರೂ ನಕ್ಕೆವು, ನಿಲ್ಲಿಸಲಾಗದೆ.

ಜನವರಿ 2, ಗುರುವಾರ

ಸಂಸ್ಥೆಯ ಪತ್ರ. ನಡತೆ ನಿಯಮ ಉಲ್ಲಂಘನೆಯ ಬಗ್ಗೆ ಸಮಿತಿಯ ಮುಂದೆ ಹಾಜರಾಗಿ ವಿವರಣೆ ಕೊಡಬೇಕು. ಜನವರಿ ಏಳು, ಮಂಗಳವಾರ, ಹತ್ತೂವರೆ. ಬಾರದಿದ್ದರೆ ಅಮಾನತು ಸೇರಿದಂತೆ ಕ್ರಮ.

ಮೂರು ಸಲ ಓದಿದೆ. ಮೇಧಾಳ ಕೈಗೆ ಕೊಟ್ಟು ಅವಳ ಹತ್ತಿರವೂ ಓದಿಸಿದೆ. ಅದೇ ದಿನ. ಅದೇ ಗಂಟೆ. ಯಾರಾದರೂ ಕೂಡಿಸಿ ಇಟ್ಟರೋ, ತಾನಾಗಿ ಬಂತೋ, ಗೊತ್ತಾಗುವುದಿಲ್ಲ. ಗೊತ್ತಾಗದಿರುವುದೇ ಹೆಚ್ಚು ಹೆದರಿಕೆ.

ಜನವರಿ 3, ಶುಕ್ರವಾರ

ರಾಜಲಕ್ಷ್ಮಿ ಮೇಡಂ ಹತ್ತಿರ ಬೇರೆ ದಿನ ಕೇಳಿದೆ. ಆಗುವುದಿಲ್ಲ, ಸಮಿತಿಯವರು ಹೊರಗಿನಿಂದ ಬರುತ್ತಾರೆ. "ಹಂಸಾ, ಮಗಳ ಮುಖ ನೋಡಮ್ಮಾ" ಅಂದರು. ತನಿಖೆಯ ಕಚೇರಿಗೂ ಫೋನ್ ಮಾಡಿದೆ. ದಿನ ಬದಲಾಗುವುದಿಲ್ಲ.

ಪ್ರಮೋದ್ ಅರ್ಧ ಗಂಟೆ ಮಾತಾಡಿದ. ಇಎಂಐ, ಮಗಳ ಓದು, ಊರಲ್ಲಿ ಜನ ಏನನ್ನುತ್ತಾರೆ. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕೊನೆಗೆ, "ಏಳನೇ ತಾರೀಕು ನಾನೂ ರಜೆ ಹಾಕ್ಲಾ?" ಅಂದ. ಹಾಕು ಅಂದೆ.

ಸಂಜೆ ಸೇತುವೆ ದಾಟಿ ಪತ್ರ ತೋರಿಸಿದೆ. ಕಮಲವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟಳು. "ನೀವು ಆಫೀಸಿಗೆ ಹೋಗ್ರಿ. ನೌಕರಿ ಹೋದ್ರ ನಾವೇನು ಗುದ್ದಲಿ ಕೊಡೂಣೇನು ನಿಮ್ಮ ಕೈಯಾಗ? ಅಂಗೈ ನೋಡ್ರಿ, ಹತ್ತಿ ಇದ್ದಂಗ ಐತಿ."

"ನಾನು ಬರದಿದ್ದರೆ ಅರ್ಜಿ ಬೀಳುತ್ತದೆ."

"ಬೀಳ್ಲಿ. ಜೆಸಿಬಿ ಮುಂದ ಕೂಡ್ತೇವಿ."

ಹಾಗೆನ್ನುವಾಗ ಅವಳು ನನ್ನ ಮುಖ ನೋಡಲಿಲ್ಲ. ಕುಸುಮಾವತಿ ಒಲೆ ಊದುತ್ತಿದ್ದವಳು ಊದುವುದನ್ನು ನಿಲ್ಲಿಸಿದ್ದಳು. ವೀರಭದ್ರ ಮನೆಯ ಗೋಡೆಗೆ ಒರಗಿ, ಆ ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದ, ದನದ ಬೆನ್ನು ಸವರುವ ಹಾಗೆ.

ಮನೆಗೆ ಬಂದು ಸಮಿತಿಗೆ ಒಂದು ಕಾಗದ ಬರೆದೆ. ಆ ಹೊತ್ತಿನಲ್ಲಿ ಬರಲಾಗುವುದಿಲ್ಲ, ಮಧ್ಯಾಹ್ನ ಎರಡರ ಮೇಲೆ ಯಾವಾಗ ಕರೆದರೂ ಬರುತ್ತೇನೆ, ಎಲ್ಲಿರುತ್ತೇನೆ ಎಂಬುದನ್ನೂ ಬರೆದೆ. ನೋಟ್‌ಬುಕ್ಕಿನ ಹಾಳೆ. ಹೆಸರು ಪೂರ್ತಿ. ಅಂಚೆಗೆ ಹಾಕಿ ಬಂದೆ. ಅಕ್ಕಿ ನೆನೆಹಾಕಬೇಕು, ನಾಡಿದ್ದು ಕುಸುಮಾವತಿಯ ಮಗುವಿಗೂ ದೋಸೆ ಬೇಕಂತೆ.

ನಮ್ಮ ಸಭೆ ಜನವರಿ ಐದು, ಭಾನುವಾರ, ಸಂಜೆ ನಾಲ್ಕು, ವೀರಭದ್ರನ ಮನೆ ಅಂಗಳ. ಓದುವವಳು ಮೇಧಾ.

ತನಿಖೆ ಜನವರಿ ಏಳು, ಮಂಗಳವಾರ, ಬೆಳಿಗ್ಗೆ ಹತ್ತೂವರೆ, ತೋಡಿನ ಆಚೆ ದಂಡೆ. ಹತ್ತಕ್ಕೇ ಹೋಗಿ ಕೂತಿರಬೇಕು.